ಗಂಜಿ ಕುಡಿದ ಮಸ್ಲಿನ್

ಅವರನ್ನು ನಾನು ಮೊದಲ ಸಲ ನೋಡಿದ್ದು ನನ್ನ ಮನೆಯ ಬಾಗಿಲಲ್ಲಿ, ನಾನು ನೈಟಿಯಲ್ಲಿದ್ದಾಗ. ನೈಟಿಯ ಮೇಲೆ ಮರ್ಯಾದೆಗೆ ಅಂತ ಒಂದು ಸ್ನಾನದ ಟವೆಲು. ತೊಂಬತ್ತರ ದಶಕದ ನಡುವಿನಲ್ಲಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡಗಳಲ್ಲಿದ್ದ ನಮ್ಮ ಕಡೆಯ ಹೆಂಗಸರಿಗೆಲ್ಲ ಅದೇ ಸಮವಸ್ತ್ರ. ಬೆಳಿಗ್ಗೆ ಗಂಡ ಆಫೀಸಿಗೆ ಹೋದ ಮೇಲೆ ಮೈಗೇರಿದ ನೈಟಿ ಇಳಿಯುತ್ತಿದ್ದದ್ದು ಸಂಜೆ ಅವರು ಬರುವ ಹೊತ್ತಿಗೆ. ಕೆಲವು ದಿನ ಆಗಲೂ ಇಳಿಯುತ್ತಿರಲಿಲ್ಲ. ಕೆಳಗಿನ ಗ್ರಾಸರಿಗೆ ಹೋಗಬೇಕಾದರೆ ಮೇಲೊಂದು ದುಪಟ್ಟಾ, ಬಾಗಿಲಿಗೆ ಯಾರಾದರೂ ಬಂದರೆ ಟವೆಲು. ಇಷ್ಟೆಲ್ಲ ಏರ್ಪಾಡಿದ್ದರೂ ಹೊಸಬರ ಮುಂದೆ ಮುಜುಗರವಂತೂ ತಪ್ಪುತ್ತಿರಲಿಲ್ಲ.

ಎದುರಿಗೆ ನಿಂತಿದ್ದವರು ಐವತ್ತರ ಆಸುಪಾಸಿನ, ಎತ್ತರದ, ಕಾಟನ್ ಸೀರೆಯ ಹೆಂಗಸು. ಪಕ್ಕದ ಫ್ಲಾಟಿಗೆ ಹೊಸದಾಗಿ ಬಂದವರು. ಕೈಯಲ್ಲೊಂದು ಸಣ್ಣ ಬಟ್ಟಲು ಹಿಡಿದು ಮೊಸರಿಗೆ ಹೆಪ್ಪು ಕೇಳಲು ಬಂದಿದ್ದರು. ನಾನು ಟವೆಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಒದ್ದಾಡುವುದನ್ನು ನೋಡಿ ನಕ್ಕರು.

"ಅಯ್ಯೋ, ಅದಕ್ಕೆ ಎಂತ ನಾಚಿಕೆ ಮಾರಾಯ್ರೆ? ಫ್ರಾನ್ಸಿನ ರಾಣಿಯೊಬ್ಬಳು ಇಂಥದ್ದೇ ಒಂದು ಹಾಕಿಕೊಂಡು ಕೂತು ಪಟ ಬರೆಸಿದ್ದಾಳೆ. ಊರಿಗೆ ಊರೇ ಬೊಬ್ಬೆ ಹೊಡೆಯಿತು, ರಾಣಿ ಒಳಗಿನ ಬಟ್ಟೆಯಲ್ಲಿ ಕೂತಿದ್ದಾಳೆ ಅಂತ. ಆಮೇಲೆ ಎಂತ ಆಯ್ತು ಗೊತ್ತುಂಟಾ? ಬೈದವರೆಲ್ಲ ಅದನ್ನೇ ಹೊಲಿಸಿಕೊಂಡರು!"

ಹೆಪ್ಪು ಕೇಳಲು ಬಂದವರು ಹೀಗೆ ಮಾತಾಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಸಂಜೆ ನನ್ನ ಗಂಡನಿಗೆ, "ಪಕ್ಕದ ಮನೆಯವರು ಒಂಥರಾ ಇದಾರೆ ಕಣ್ರೀ" ಎಂದೆ. ಆ ಒಂಥರಾ ಇದ್ದವರೇ ಮುಂದೆ ಆ ಊರಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರಾದರು. ಈಚೆಗೆ ಅವರು ತೀರಿಹೋದರು. ಅವರ ಹೆಸರು ಇಲ್ಲಿ ಬೇಡ. ನಾನು ಕರೆಯುತ್ತಿದ್ದದ್ದು ಟೀಚರ್ ಅಂತ; ಈಗಲೂ ಹಾಗೇ ಕರೆಯುತ್ತೇನೆ.

ಟೀಚರ್ ಉಡುಪಿಯ ಹತ್ತಿರದ ಕಲ್ಯಾಣಪುರದ ಕಡೆಯವರು. ಮನೆಮಾತು ಕೊಂಕಣಿ. ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಆಳಿದ ಕಾಲವೆಂದರೆ ಅವರಿಗೆ ಪ್ರಾಣ. ಆದರೆ ಆ ರಾಜರ ಬಗ್ಗೆ ಅವರಿಗೆ ಕವಡೆ ಕಾಸಿನ ಗೌರವವೂ ಇರಲಿಲ್ಲ. ಯುದ್ಧ, ಒಪ್ಪಂದಗಳನ್ನೆಲ್ಲ ಪರೀಕ್ಷೆಗೆ ಬೇಕಾದಷ್ಟು ಹೇಳಿ ಮುಗಿಸಿ, ಹೆಂಗಸರು ಏನು ಉಡುತ್ತಿದ್ದರು ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದರು. ಒಮ್ಮೆ ನಿಂತರೆ ಅಲ್ಲಿಂದ ಹೊರಡಿಸುವುದು ಗಂಟೆ ಬಾರಿಸುವ ಪ್ಯೂನನಿಗೂ ಆಗುತ್ತಿರಲಿಲ್ಲ.

ಒಂದು ದಿನ ಅವರು ಬಟ್ಟೆ ಒಗೆಯಲು ಹಾಕುವ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಕ್ಲಾಸಿಗೆ ಹೊತ್ತುಕೊಂಡು ಹೋಗಿ, ಹುಡುಗಿಯೊಬ್ಬಳ ಸೊಂಟದ ಎರಡೂ ಕಡೆಗೆ ಕಟ್ಟಿ, ಮೇಲೆ ಬೆಡ್‌ಶೀಟು ಹೊದಿಸಿ, "ಈಗ ಬೆಂಚಿನ ನಡುವೆ ನಡೆ ನೋಡುವಾ" ಎಂದರಂತೆ. ಹುಡುಗಿ ಸಿಕ್ಕಿಹಾಕಿಕೊಂಡಳು. ಗಲಾಟೆ ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. "ಸರ್, ಸ್ವಲ್ಪ ಸರಿಯಬೇಕು. ಈ ದೊರೆಸಾನಿ ಬಾಗಿಲು ದಾಟಬೇಕಾದರೆ ಅಡ್ಡ ತಿರುಗಿಯೇ ದಾಟಬೇಕು" ಎಂದು ಟೀಚರ್ ಹೇಳಿದ್ದನ್ನು ನಮ್ಮ ಮೇಲಿನ ಮಹಡಿಯ ಹುಡುಗಿ ನನಗೆ ಅಭಿನಯಿಸಿ ತೋರಿಸಿದ್ದಳು. ಪ್ರಿನ್ಸಿಪಾಲರು ಸರಿದರಂತೆ.

ಆ ಪಾಠವನ್ನು ನಾನೂ ಕೇಳಿದ್ದೇನೆ, ಚಪಾತಿ ಲಟ್ಟಿಸುತ್ತಾ. ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವರು ಹೇಳುತ್ತಿದ್ದರು. ಮೊದಲು ಸೊಂಟಕ್ಕೆ ಬೆತ್ತದ ಬುಟ್ಟಿ, ಎದೆಗೆ ತಿಮಿಂಗಿಲದ ಎಲುಬು ಸೇರಿಸಿ ಹೊಲಿದ ಬಿಗಿ ಕುಪ್ಪಸ, ಅದರ ಮೇಲೆ ಮಣಭಾರದ ರೇಷ್ಮೆ. ಕೂರಲು ಕಷ್ಟ, ಬಗ್ಗಲು ಕಷ್ಟ, ಉಸಿರಿಗೂ ಕಷ್ಟ. ಆಮೇಲೆ ನಮ್ಮ ಬಂಗಾಳದ ನೇಕಾರರು ನೇಯ್ದ ಬಿಳಿ ಮಸ್ಲಿನ್ ಹಡಗು ಹತ್ತಿ ಅಲ್ಲಿಗೆ ಹೋಯಿತು. ಎದೆಯ ಕೆಳಗೆ ಒಂದು ದಾರ. ಅಲ್ಲಿಂದ ಪಾದದವರೆಗೆ ಬಟ್ಟೆ ತನ್ನಷ್ಟಕ್ಕೆ ಇಳಿಯುತ್ತದೆ. ಅಷ್ಟೇ ಗೌನು. ದೊರೆಸಾನಿಯೂ ಅದನ್ನೇ ಹಾಕಿದಳು, ಪಾದ್ರಿಯ ಮಗಳೂ ಅದನ್ನೇ ಹಾಕಿದಳು, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮನೆಗೆಲಸದವಳೂ ಅದನ್ನೇ ಹೊಲಿಸಿಕೊಂಡಳು. ದೂರದಿಂದ ನೋಡಿದರೆ ಯಾರು ಯಾರು ಅಂತ ಗೊತ್ತಾಗದೆ ದೊಡ್ಡವರಿಗೆ ಹೊಟ್ಟೆನೋವು ಶುರುವಾಯಿತು.

"ಆದರೆ ಜೇಬು ಹೋಯ್ತು ಮಾರಾಯ್ತಿ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಮಾರಾಯ್ತಿಯಾಗಿದ್ದೆ. "ಮುಂಚೆ ಆ ದೊಡ್ಡ ಲಂಗದ ಒಳಗೆ ಜೇಬು ಕಟ್ಟಿಕೊಳ್ತಿದ್ದರು. ತೆಳು ಬಟ್ಟೆಯಲ್ಲಿ ಜೇಬು ಕಟ್ಟಿದರೆ ಗಂಟು ಕಾಣ್ತದಲ್ಲ? ಅದಕ್ಕೆ ಕೈಯಲ್ಲಿ ಚೀಲ ಬಂತು. ನೀವು ಈಗ ವ್ಯಾನಿಟಿ ಬ್ಯಾಗು ಎಲ್ಲಿ ಇಟ್ಟೆ ಅಂತ ಮನೆಯೆಲ್ಲ ಹುಡುಕುವುದು ಅದರಿಂದಲೇ. ಒಂದು ಬಿಡುಗಡೆ ಸಿಕ್ಕಿದರೆ ಒಂದು ಹೊಸ ತಲೆಬಿಸಿ."

ಮಸ್ಲಿನ್ ಗೌನನ್ನು ಅವರು ಹೊಗಳುತ್ತಲೇ ಇರುತ್ತಿದ್ದರು ಎಂದುಕೊಳ್ಳಬೇಡಿ. ಚಳಿದೇಶದಲ್ಲಿ ಅದನ್ನು ಹಾಕಿಕೊಂಡು ಮೆರೆಯಲು ಹೋಗಿ ಕೆಮ್ಮು ಹಿಡಿಸಿಕೊಂಡವರನ್ನು ಬೈಯುತ್ತಿದ್ದರು. ಅದಕ್ಕಾಗಿ ಕಾಶ್ಮೀರದ ಶಾಲು ಹೊದೆಯಬೇಕಾಯಿತು ಎಂದು ನಗುತ್ತಿದ್ದರು. ಆಮೇಲೆ ಇಂಗ್ಲೆಂಡಿನ ಮಿಲ್ಲುಗಳು ಅದೇ ಬಟ್ಟೆಯನ್ನು ಅಗ್ಗಕ್ಕೆ ನೇಯ್ದು ಬಂಗಾಳದ ಮಗ್ಗಗಳ ಬಾಯಿಗೆ ಮಣ್ಣು ಹಾಕಿದ್ದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ. ಬಿಳಿ ಬಟ್ಟೆ ಬಿಳಿಯಾಗಿಯೇ ಇರಬೇಕಾದರೆ ಹಿತ್ತಿಲಲ್ಲಿ ಯಾರೋ ಕೈ ಸವೆಸಬೇಕು ಎಂಬುದನ್ನೂ ಮರೆಯುತ್ತಿರಲಿಲ್ಲ. "ಸರಳ ಉಡುಪು ಅಂತ ಹೇಳುವವರು ಯಾರೂ ಒಗೆಯುವವರಲ್ಲ" ಎಂಬುದು ಅವರ ಖಾಯಂ ಮಾತು.

ಒಗೆಯುವವರೊಬ್ಬರು ಅವರ ಬಾಳಿಗೆ ಬಂದದ್ದೂ ಈ ಗೌನಿನ ನೆಪದಲ್ಲೇ. ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರ್ ಒಂದು ನಾಟಕ ಬರೆದು ಹುಡುಗಿಯರಿಗೆಲ್ಲ ಬಿಳಿ ಗೌನು ಹೊಲಿಸಿದರು. ರಿಹರ್ಸಲ್ಲಿನಲ್ಲಿ ಕೊಳೆಯಾದವನ್ನು ತಾವೇ ಒಗೆಯಲು ಹೋಗಿ ನೀಲಿ ಜಾಸ್ತಿ ಸುರಿದರು. ಗೌನುಗಳೆಲ್ಲ ಆಕಾಶದ ಬಣ್ಣಕ್ಕೆ ತಿರುಗಿದವು. ದುಬೈಯ ಅಲ್ ಮುರಕ್ಕಬಾತಿನ ಹೋಟೆಲೊಂದರಲ್ಲಿ ಲಾಂಡ್ರಿ ಮ್ಯಾನೇಜರ್ ಆಗಿರುವ ಮಂಗಳೂರಿನವರೊಬ್ಬರಿದ್ದಾರೆ, ಅವರ ಕೈಯಲ್ಲಿ ಹೋಗದ ಕಲೆ ಇಲ್ಲ ಎಂದು ಚರ್ಚಿನಲ್ಲಿ ಯಾರೋ ಹೇಳಿದರು. ಟೀಚರ್ ಗಂಟು ಕಟ್ಟಿಕೊಂಡು ಶೇರ್ ಟ್ಯಾಕ್ಸಿಯಲ್ಲಿ ದುಬೈಗೆ ಹೋದರು.

"ನೋಡಿದರು, ಮೂಸಿದರು. 'ಬಾಯಮ್ಮಾ, ನೀವು ಇದನ್ನು ಒಗೆದದ್ದಲ್ಲ, ಪೇಂಟ್ ಮಾಡಿದ್ದು' ಅಂದರು ಮಾರಾಯ್ತಿ! ನಾನು ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವಳು. ಮೊದಲ ಸಲ ಒಬ್ಬರು ನನ್ನದನ್ನು ತಿದ್ದಿದರು" ಎಂದು ಮರಳಿ ಬಂದ ದಿನ ಹೇಳಿದರು. ಹೇಳುವಾಗ ಮುಖ ಕೆಂಪಾಗಿತ್ತು. ಸೆಕೆಗೆ ಇರಬೇಕು ಅಂದುಕೊಂಡೆ. ನಾನೂ ಎಂಥ ಪೆದ್ದಿ!

ಆತ ಹೆಂಡತಿಯನ್ನು ಕಳೆದುಕೊಂಡು ಕೆಲವು ವರ್ಷವಾಗಿದ್ದವರು. ಕಾಯಿಲೆಯಲ್ಲಿ ನರಳಿ ಹೋದವರಂತೆ ಆಕೆ. ಒಬ್ಬಳೇ ಮಗಳು, ದುಬೈಯ ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ನಾಟಕ ಮುಗಿದ ಮೇಲೂ ಒಂದಲ್ಲ ಒಂದು ಬಟ್ಟೆಗೆ ಕಲೆಯಾಗುತ್ತಲೇ ಇತ್ತು, ಟೀಚರ್ ದುಬೈಗೆ ಹೋಗುತ್ತಲೇ ಇದ್ದರು. ಒಂದು ಗುರುವಾರ ಸಂಜೆ ನನ್ನ ಸ್ಟೂಲಿನ ಮೇಲೆ ಕೂತು, ಚರಿತ್ರೆಯ ಸುದ್ದಿಯೇ ಇಲ್ಲದೆ, "ಮದುವೆ ಆಗ್ತೇನೆ" ಎಂದರು. ನಾನು ಹಿಟ್ಟಿನ ಕೈಯಲ್ಲೇ ಅವರನ್ನು ತಬ್ಬಿಕೊಂಡೆ.

ಟೀಚರ್ ಅಷ್ಟು ವರ್ಷ ಮದುವೆಯಾಗದೆ ಇದ್ದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು, ಬೆನ್ನಿಗೆ ತಂಗಿಯರಿದ್ದರು. ಅವರೊಬ್ಬೊಬ್ಬರ ಮದುವೆಗೂ ದುಬೈಯಿಂದ ಸ್ಯಾಟಿನ್ ಗೌನು, ಒಳಗೆ ನಿಲ್ಲಿಸಲು ಕ್ಯಾನ್‌ಕ್ಯಾನ್ ನೆಟ್ಟು, ಮುತ್ತಿನ ಹೂವು ಎಲ್ಲ ಕೊಂಡು ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿದ್ದರು. ಅದರ ಬಗ್ಗೆ ಅವರಿಗೆ ಯಾವ ಗೋಳೂ ಇರಲಿಲ್ಲ. ಆದರೆ ತಮ್ಮ ಸರದಿ ಬಂದಾಗ ಏನು ಹಾಕಿಕೊಳ್ಳಬೇಕು ಎಂಬುದನ್ನು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಮಸ್ಲಿನ್ ಹುಡುಕಲು ನಾನೂ ಹೋದೆ. ಹೆಂಗಸರ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಮಿಣಮಿಣ ಮಿಂಚುವ ಪಾಲಿಯೆಸ್ಟರು. ಕೊನೆಗೆ ಬೇಕಾದ ಬಟ್ಟೆ ಸಿಕ್ಕಿದ್ದು ಅರಬರ ತಲೆವಸ್ತ್ರದ ಅಂಗಡಿಯಲ್ಲಿ. ಗಂಡಸರು ಬೇಸಿಗೆಯಲ್ಲಿ ತಲೆಗೆ ಹೊದೆಯುವ ಗುತ್ರಾದ ಬಿಳಿ ಹತ್ತಿ ಬಟ್ಟೆ. ಕೈಯಲ್ಲಿ ಹಿಡಿದರೆ ಕೈಯ ಗೆರೆ ಕಾಣುವಷ್ಟು ನವಿರು. ಅಂಗಡಿಯವನು, "ಬೀಬಿ, ಯೇ ತೋ ಮರ್ದ್ ಲೋಗ್ ಕಾ ಹೈ" ಎಂದ, ಇದು ಗಂಡಸರದ್ದು ಅಂತ.

"ಖಲಾಸ್! ಆಜ್ ಸೆ ಔರತ್ ಕಾ" ಎಂದು, ಇವತ್ತಿನಿಂದ ಅದನ್ನು ಹೆಂಗಸರದ್ದಾಗಿಸಿ, ಟೀಚರ್ ಇಡೀ ಥಾನು ಬಿಚ್ಚಿಸಿದರು.

ಟೈಲರನದು ಇನ್ನೊಂದು ಕಥೆ. ಕ್ಯಾನ್‌ಕ್ಯಾನ್ ಬೇಡ, ಜಿಪ್ಪು ಬೇಡ, ಲೇಸು ಬೇಡ, ಎದೆಯ ಕೆಳಗೆ ದಾರವೊಂದೇ ಸಾಕು ಎಂದಾಗ ಆತ ಕತ್ತರಿ ಕೆಳಗಿಟ್ಟು, "ಮ್ಯಾಡಂ, ಇದು ಪೆಟ್ಟಿಕೋಟಾಯಿತು. ಗೌನು ಎಲ್ಲಿ?" ಎಂದ. ಟೀಚರಿಗೆ ಅದರಿಂದ ಖುಷಿಯೋ ಖುಷಿ. ಇನ್ನೂರು ವರ್ಷ ಕಳೆದರೂ ಜನ ಅದೇ ಮಾತು ಹೇಳುತ್ತಾರಲ್ಲ ಎಂದು ದಾರಿಯುದ್ದಕ್ಕೂ ನಕ್ಕರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಗೌನಿನ ಸುದ್ದಿ ಹೇಗೋ ದುಬೈ ಮುಟ್ಟಿತು. ಲಾಂಡ್ರಿ ಮ್ಯಾನೇಜರರ ಮಗಳು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದಳಂತೆ: ಆಂಟಿ ಸೀರೆ ಉಟ್ಟರೆ ಬರುತ್ತೇನೆ, ಆ ಬಿಳಿ ಗೌನು ಹಾಕುವುದಾದರೆ ಮದುವೆಗೆ ನಾನಿಲ್ಲ. ಸಮುದಾಯದ ಹೆಂಗಸರೂ ಅದಕ್ಕೆ ಒಗ್ಗರಣೆ ಹಾಕಿದರು. ಐವತ್ತು ದಾಟಿದವಳಿಗೆ ಬಿಳಿ ಯಾಕೆ, ಹಾಕುವುದಾದರೆ ನಾಲ್ಕು ಜನ ನೋಡುವಂಥದ್ದಾದರೂ ಹಾಕಬಾರದೇ ಎಂದರು. "ಇಂಗ್ಲೆಂಡಿನಲ್ಲೂ ಹೀಗೇ. ಹೊರಗೆ ಎಲ್ಲರೂ ಮಸ್ಲಿನ್ ಹಾಕ್ತಿದ್ದರೂ ಅರಮನೆಗೆ ಮಾತ್ರ ಹಳೇ ಬುಟ್ಟಿ ಕಟ್ಟಿಕೊಂಡೇ ಹೋಗಬೇಕಿತ್ತು" ಎಂದು ಟೀಚರ್ ಆ ಹೆಂಗಸರನ್ನು ಪಕ್ಕಕ್ಕೆ ಸರಿಸಿದರು. ಮಗಳನ್ನು ಹಾಗೆ ಸರಿಸಲು ಅವರಿಂದ ಆಗಲಿಲ್ಲ.

"ಅವರು ನನಗೆ ಒಂದು ಮಾತೂ ಹೇಳಲಿಲ್ಲ" ಎಂದರು, ಮದುವೆಯಾಗಲಿದ್ದವರ ಬಗ್ಗೆ. "ನಿಮ್ಮಿಷ್ಟ ಅಂದರು. ಆದರೆ ಮಗಳು ಬರದ ಮದುವೆಯಲ್ಲಿ ಅವರ ಮುಖದಲ್ಲಿ ನಗು ಬರ್ತದಾ?"

"ಹಾಗಾದ್ರೆ ಸೀರೆನೇ ಉಟ್ಕೊಂಡ್ಬಿಡಿ ಟೀಚರ್. ದಿನಾ ಉಡೋದೇ ಅಲ್ವಾ?" ಎಂದೆ ನಾನು.

"ಅದಕ್ಕೇ ಬೇಡ ಹೇಳುವುದು. ಸೀರೆ ನನ್ನ ಕೆಲಸದ ಬಟ್ಟೆ. ಮೈಗೆ ಭಾರವಿಲ್ಲದ್ದು ಒಂದು ದಿನ ಹಾಕಬೇಕು ಅಂತ ಇಷ್ಟು ವರ್ಷ ಕಾದದ್ದು ನಾನು. ಮತ್ತೆ, ಮೊದಲ ದಿನವೇ ಬಟ್ಟೆ ಬದಲಾಯಿಸಿ ಆ ಮನೆಯೊಳಗೆ ಹೋದರೆ ಆಮೇಲೆ ಪ್ರತಿದಿನವೂ ಬದಲಾಯಿಸುತ್ತಾ ಇರಬೇಕಾಗ್ತದೆ." ಹಾಗೆಂದವರೇ, "ಆದರೆ ಆ ಹುಡುಗಿ ಬರಬೇಕು ಮಾರಾಯ್ತಿ" ಎಂದರು. ಎರಡೂ ಬೇಕಿತ್ತು ಅವರಿಗೆ. ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ ಎಂದು ನನಗೆ ಖಚಿತವಾಗಿತ್ತು.

ಶುಕ್ರವಾರ, ಅಲ್ಲಿನ ರಜೆಯ ದಿನ, ಅಬುಧಾಬಿಯ ಚರ್ಚಿನಲ್ಲಿ ಮದುವೆ. ಗುರುವಾರ ಮಧ್ಯಾಹ್ನ ಟೀಚರ್ ಗೌನನ್ನು ಒಮ್ಮೆ ನೀರಲ್ಲಿ ಅದ್ದಿ, ಬಿಸಿಲು ಚೆನ್ನಾಗಿ ಬೀಳುವ ನಮ್ಮ ಬಾಲ್ಕನಿಯಲ್ಲಿ ಹರವಿದರು. ಆಮೇಲೆ ನಾವಿಬ್ಬರೂ ಹೂವು ತರಲು ಹೋದೆವು. ಮನೆಯಲ್ಲಿ ನನ್ನ ಅತ್ತೆ ಇದ್ದರು, ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದವರು. ನಮ್ಮತ್ತೆಯ ಪ್ರಕಾರ ಲೋಕದಲ್ಲಿ ಹತ್ತಿಬಟ್ಟೆ ಎರಡೇ ಬಗೆ: ಗಂಜಿ ಹಾಕಿದ್ದು ಮತ್ತು ಗಂಜಿ ಹಾಕಬೇಕಾದ್ದು. ದೂರದೇಶಕ್ಕೆ ಬಂದರೂ ಅವರ ಸೀರೆ ಗಂಜಿ ಕಾಣದೆ ಮೈಗೆ ಏರುತ್ತಿರಲಿಲ್ಲ.

ನಾವು ಹಿಂತಿರುಗಿ ಬಾಲ್ಕನಿಗೆ ಹೋದರೆ ಗೌನು ಹಗ್ಗದಲ್ಲಿ ನೇತಾಡುತ್ತಿರಲಿಲ್ಲ, ನಿಂತಿತ್ತು. ತೋಳುಗಳು ಎರಡು ಕಡೆಗೂ ಚಾಚಿಕೊಂಡಿದ್ದವು. ಮುಟ್ಟಿದರೆ ಹಪ್ಪಳದ ಹಾಗೆ ಸದ್ದು. ಬಾಲ್ಕನಿ ತುಂಬ ಅನ್ನ ಬಸಿದ ವಾಸನೆ.

"ಏನತ್ತೆ ಇದು!" ಎಂದು ಚೀರಿದೆ.

"ಕಿರುಚ್ಬೇಡ್ವೆ. ಮದುವೆ ಹೆಣ್ಣಿನ ಬಟ್ಟೆ ಸೋತು ಸುಣ್ಣ ಆಗಿ ಬಿದ್ದಿತ್ತು, ಪಾಪ. ನನ್ನ ಸೀರೆಗೆ ಮಾಡಿದ ಗಂಜಿ ಮಿಕ್ಕಿತ್ತು, ಗಟ್ಟಿಯಾಗೇ ಹಾಕ್ದೆ. ಈಗ ನೋಡು, ಹೇಗೆ ಟಾಕುಟೀಕಾಗಿದೆ!" ಎಂದರು ಅತ್ತೆ, ಮುಖದ ತುಂಬ ಸಂತೋಷ.

ಟೀಚರ್ ಮೊದಲು ನಕ್ಕರು. ಸೊಂಟ ಹಿಡಿದುಕೊಂಡು ನಕ್ಕರು. "ಬಂಗಾಳದಿಂದ ಹಡಗು ಹತ್ತಿ ಎಲ್ಲೆಲ್ಲೋ ತಿರುಗಿ, ಕೊನೆಗೆ ಮೈಸೂರಿನ ಗಂಜಿಗೆ ಬಿತ್ತು ನೋಡಿ!" ಎಂದವರು ಹಾಗೇ ಕುರ್ಚಿಯಲ್ಲಿ ಕೂತರು. ನೋಡುತ್ತಿದ್ದಂತೆ ಆ ನಗು ಅಳುವಾಯಿತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆ ಕಂಗಾಲಾಗಿ ಗೋಡೆ ಹಿಡಿದು ನಿಂತರು.

ಆ ಹೊತ್ತಿಗೆ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಮದುಮಗನ ಮಗಳು, ಕೈಯಲ್ಲೊಂದು ಸೀರೆಯ ಬ್ಯಾಗು. ಕೊನೆಯದಾಗಿ ಒಮ್ಮೆ ಕೇಳಿ ನೋಡೋಣವೆಂದು ದುಬೈಯಿಂದ ಬಂದಿದ್ದಳು. ಪಕ್ಕದ ಫ್ಲಾಟಿಗೆ ಬೀಗವಿದ್ದದ್ದರಿಂದ ನಮ್ಮಲ್ಲಿ ವಿಚಾರಿಸಲು ಬಂದಿದ್ದಳು. ನನಗೆ ಕೊಂಕಣಿ ಬಾರದೆಂದು ಮರ್ಯಾದೆಗೆ ಕನ್ನಡದಲ್ಲೇ, ನಡುನಡುವೆ ಇಂಗ್ಲಿಷು ಸೇರಿಸಿ ಮಾತಾಡಿದಳು.

"ಕೊಡು ಮಗಾ, ನೀನು ತಂದ ಸೀರೆ. ಖಲಾಸ್. ದೇವರೂ ನಿನ್ನ ಕಡೆಗೇ ಇದ್ದ ಹಾಗೆ ಉಂಟು" ಎಂದು ಟೀಚರ್ ಕಣ್ಣೊರೆಸಿಕೊಂಡರು.

ಹುಡುಗಿ ಸೀರೆ ಕೊಡಲಿಲ್ಲ. ಬಾಲ್ಕನಿಗೆ ಹೋಗಿ ಗೌನಿನ ಅಂಚನ್ನು ಬೆರಳಿನಲ್ಲಿ ಉಜ್ಜಿದಳು, ಮೂಸಿದಳು. "ಓ ಮೈ ಗಾಡ್, ರೈಸ್ ಸ್ಟಾರ್ಚ್! ಇಷ್ಟು ತೆಳು ಬಟ್ಟೆಗೆ ಯಾರು ಹಾಕಿದ್ದು? ಡ್ಯಾಡಿ ನೋಡಿದರೆ ಹಾರ್ಟ್ ಅಟ್ಯಾಕ್ ಆಗ್ತದೆ." ಬ್ಯಾಗನ್ನು ನೆಲದಲ್ಲಿಟ್ಟು ತೋಳು ಮಡಚಿದಳು. ಎಷ್ಟೆಂದರೂ ಲಾಂಡ್ರಿಯವರ ಮಗಳು. ಗೌನಿನ ಮೇಲಿನ ಸಿಟ್ಟು ಬೇರೆ, ಬಟ್ಟೆ ಹಾಳಾಗುವುದನ್ನು ನೋಡುವ ಸಂಕಟ ಬೇರೆ.

ಬೇಸಿಗೆಯಾದ್ದರಿಂದ ನಮ್ಮ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತಿತ್ತು. ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿ ಗೌನನ್ನು ಮುಳುಗಿಸಿದಳು. ನೀರು ಬೆಳ್ಳಗಾದಾಗ ಬಿಟ್ಟು ಮತ್ತೆ ತುಂಬಿಸಿದಳು. ನಾನು ಹಿಂಡಲು ಹೋದರೆ, "ನೋ ನೋ, ಹಿಂಡಬಾರದು ಆಂಟಿ" ಎಂದು ಕೈ ತಳ್ಳಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದಳು. ಆಮೇಲೆ ಇಸ್ತ್ರಿ ಪೆಟ್ಟಿಗೆ ಕೇಳಿದಳು. ಒದ್ದೆ ಇರುವಾಗಲೇ ಇಸ್ತ್ರಿ ಮಾಡಬೇಕಂತೆ.

ಒಂದು ತೋಳು ಮುಗಿಯಿತು. ಎರಡನೆಯದರ ಮೇಲೆ ಪೆಟ್ಟಿಗೆ ಎಳೆಯುತ್ತಾ, ತಲೆಯೆತ್ತದೆ ಹೇಳಿದಳು: "ಮಮ್ಮಿಗೆ ಲಾಸ್ಟ್‌ನಲ್ಲಿ ಮೈಗೆ ಏನು ತಾಗಿದರೂ ನೋವಾಗ್ತಿತ್ತು. ಡ್ಯಾಡಿ ಇಂಥದ್ದೇ ಬಿಳಿ ಕಾಟನ್ ಗೌನು ಹೊಲಿಸಿದರು. ನಾನೇ ಒಗೆದು ಇಸ್ತ್ರಿ ಮಾಡಿ ಆಸ್ಪತ್ರೆಗೆ ತಗೊಂಡು ಹೋಗ್ತಿದ್ದೆ. ನೀವು ಅಂಥದ್ದೇ ಹಾಕಿ ಡ್ಯಾಡಿ ಪಕ್ಕದಲ್ಲಿ ನಿಲ್ಲುವುದನ್ನು ಹೇಗೆ ನೋಡುವುದು ನಾನು?"

ಯಾವ ವಿಷಯಕ್ಕೂ ಒಂದು ಚರಿತ್ರೆ ಇಟ್ಟುಕೊಂಡಿರುತ್ತಿದ್ದ ಟೀಚರ್ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತರು. ನಮ್ಮತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಟೀಚರ್, "ನನಗೆ ಗೊತ್ತಿರಲಿಲ್ಲ ಮಗಾ. ನಾನು ಸೀರೆಯೇ ಉಡ್ತೇನೆ. ಬೇಜಾರಿನಿಂದ ಅಲ್ಲ, ಮನಸ್ಸಿನಿಂದ ಹೇಳ್ತಿದ್ದೇನೆ" ಎಂದರು.

ಹುಡುಗಿ ದಾರದ ಪಟ್ಟಿಯ ಸುಕ್ಕು ಬಿಡಿಸಿದಳು. ಕೆಳಗಿನ ಅಂಚಿನ ಸುತ್ತ ನಿಧಾನವಾಗಿ ಪೆಟ್ಟಿಗೆ ಓಡಿಸಿದಳು. ಗೌನು ಮತ್ತೆ ಮೆತ್ತಗಾಗಿ ಮೇಜಿನ ಅಂಚಿನಿಂದ ಇಳಿಯಿತು. ಅದನ್ನು ಹ್ಯಾಂಗರಿಗೆ ಹಾಕಿ ಕಪಾಟಿನ ಬಾಗಿಲಿಗೆ ತೂಗುಬಿಟ್ಟು, "ಮಡಚಬೇಡಿ" ಎಂದಷ್ಟೇ ಹೇಳಿ ಹೊರಟುಹೋದಳು. ಸೀರೆಯ ಬ್ಯಾಗನ್ನೂ ತೆಗೆದುಕೊಂಡೇ ಹೋದಳು. ಒಪ್ಪಿದಳೋ, ಮುನಿದಳೋ, ನಮಗೆ ಯಾರಿಗೂ ತಿಳಿಯಲಿಲ್ಲ.

ಮರುದಿನ ಟೀಚರ್ ಗೌನನ್ನೇ ಹಾಕಿಕೊಂಡರು. ಹಾಕಿಕೊಳ್ಳುವ ಮುಂಚೆ ಅದರ ಎದುರು ಬಹಳ ಹೊತ್ತು ಕೂತಿದ್ದರು. "ಅಷ್ಟು ಜೋಪಾನ ಮಾಡಿ ಕೊಟ್ಟು ಹೋಗಿದ್ದಾಳೆ. ತೆಗೆದಿಟ್ಟರೆ ಅವಳ ಕೆಲಸಕ್ಕೆ ಅವಮಾನ" ಎಂದರು. ನಿಜ ಹೇಳುತ್ತೇನೆ, ಅಂಥ ಚೆಂದದ ಮದುವಣಗಿತ್ತಿಯನ್ನು ನಾನು ಮತ್ತೆ ನೋಡಿಲ್ಲ. ನರೆತ ತುರುಬು, ಕೈಯಲ್ಲಿ ನಾಲ್ಕು ಮಲ್ಲಿಗೆ ಮೊಗ್ಗು, ನಡೆದಾಗ ಪಾದದ ಸುತ್ತ ಸುಮ್ಮನೆ ಅಲುಗುವ ಬಿಳಿ ಬಟ್ಟೆ.

ಚರ್ಚಿನ ಬಾಗಿಲಲ್ಲಿ ನಿಂತು ನೋಡಿದರೆ ಮುಂದಿನ ಸಾಲಿನಲ್ಲಿ ಮಗಳ ಜಾಗ ಖಾಲಿ. ಆತ ಪೀಠದ ಬಳಿ ನಿಂತು ನಮ್ಮತ್ತ ನೋಡುತ್ತಿದ್ದರು, ನಗಲು ಪ್ರಯತ್ನಿಸುತ್ತಿದ್ದರು. ಟೀಚರಿಗೆ ತಂದೆ ಇರಲಿಲ್ಲ, ಅಣ್ಣತಮ್ಮಂದಿರಿರಲಿಲ್ಲ. ಕೈ ಹಿಡಿದು ಒಳಗೆ ಕರೆದೊಯ್ಯುವವರು ಯಾರೂ ಇಲ್ಲದೆ ಒಬ್ಬರೇ ನಡೆಯುವುದೆಂದು ಮೊದಲೇ ಮಾತಾಗಿತ್ತು. ಒಂದು ಹೆಜ್ಜೆ ಇಟ್ಟು ನಿಂತರು. ಹಿಂದಿನ ಬೆಂಚಿನಿಂದ ಹಿರಿಯ ಹೆಂಗಸೊಬ್ಬರು ಪಕ್ಕದವರಿಗೆ, ನಮಗೂ ಕೇಳುವಷ್ಟು ಮೆಲ್ಲಗೆ, "ಇದೆಂಥ ಗೌನು? ಒಂದು ಲೇಸಿಲ್ಲ, ಒಂದು ಮುತ್ತಿಲ್ಲ" ಎಂದರು.

"ನಾನೇ ಇಸ್ತ್ರಿ ಮಾಡಿದ್ದು ಆಂಟಿ" ಎಂದಿತು ನನ್ನ ಬೆನ್ನ ಹಿಂದಿನಿಂದ ಒಂದು ದನಿ. ಟ್ಯಾಕ್ಸಿಯಿಂದ ಇಳಿದು ಓಡಿ ಬಂದಿರಬೇಕು, ಹುಡುಗಿಗೆ ಇನ್ನೂ ಏದುಸಿರು. "ಇವರು ನಮ್ಮವರು. ಇವರಿಗೆ ಹೀಗೇ ಇಷ್ಟ."

ಹಾಗೆಂದು ಟೀಚರ್ ಕೈ ಹಿಡಿದುಕೊಂಡು ಒಳಗೆ ನಡೆದಳು.